ಕಣ್ಣು ಹಳದಿಯಾಗಲೆಂದು ಕಾಯಬೇಡಿ

‘ಹುಡುಗ ಗುಂಡುಕಲ್ಲಿನ ಹಾಗಿದ್ದಾನೆ. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಯಾಕೆ ಡಾಕ್ಟ್ರೇ?’ ಹೆರಿಗೆಯ ವೇಳೆ ತಾಯಿಯಿಂದ ಹೆಪಟೈಟಿಸ್-ಬಿ ಸೋಂಕು ಬಂದವರ ಮನೆಯವರು ತಪ್ಪದೆ ಕೇಳುವ ಪ್ರಶ್ನೆಯಿದು.

ಪ್ರಾಯದವರಿಗೆ ಈ ಸೋಂಕು ತಗುಲಿದರೆ ನೂರಕ್ಕೆ ಸುಮಾರು 95 ಮಂದಿ ಕೆಲವೇ ತಿಂಗಳಲ್ಲಿ ಅದರಿಂದ ಪಾರಾಗುತ್ತಾರೆ. ನವಜಾತ ಶಿಶುಗಳಲ್ಲಿ ಲೆಕ್ಕ ತಲೆಕೆಳಗು: ನೂರಕ್ಕೆ ಸುಮಾರು 90 ಮಕ್ಕಳಲ್ಲಿ ವೈರಾಣು ಕಾಯಂ ಆಗಿ ಉಳಿಯುತ್ತದೆ. ಎಳೆಯ ದೇಹಕ್ಕೆ ಅದು ಶತ್ರುವೆಂದೇ ತಿಳಿಯುವುದಿಲ್ಲ. ಹೋರಾಟವಿಲ್ಲ, ಹಾಗಾಗಿ ಕಾಮಾಲೆಯೂ ಇಲ್ಲ. ಮೂವತ್ತು ನಲವತ್ತು ವರ್ಷ ಯಕೃತ್ತು ಒಳಗೊಳಗೇ ಹಾಳಾಗುತ್ತ ಹೋಗಿ, ಹೊಟ್ಟೆಯಲ್ಲಿ ನೀರು ತುಂಬಿದಾಗಲೋ ಕ್ಯಾನ್ಸರ್ ಗಡ್ಡೆ ಬೆಳೆದಾಗಲೋ ಹಲವರಿಗೆ ವಿಷಯ ಗೊತ್ತಾಗುತ್ತದೆ. ‘ಕುಡಿಯದವನಿಗೆ ಲಿವರ್ ಹೇಗೆ ಕೆಟ್ಟಿತು?’ ಎಂದು ಆಗ ಎಲ್ಲರಿಗೂ ಆಶ್ಚರ್ಯ.

ರಕ್ತಪರೀಕ್ಷೆ, ಸ್ಕ್ಯಾನಿಂಗ್ ಇದನ್ನು ಮೊದಲೇ ಪತ್ತೆ ಹಚ್ಚಲು. ಮಾತ್ರೆ ಎಲ್ಲರಿಗೂ ಬೇಕಿಲ್ಲ; ಶುರುವಾದ ಮೇಲೆ ತಾವಾಗಿಯೇ ನಿಲ್ಲಿಸಬಾರದು, ಅಷ್ಟೆ. ಕಾಮಾಲೆಗೆಂದು ಕೊಡುವ ಸೊಪ್ಪಿನ ರಸಕ್ಕೆ ಈ ವೈರಾಣು ಬಗ್ಗುವುದಿಲ್ಲ. ಇನ್ನು ಸೋಂಕಿತರ ತಟ್ಟೆ ಲೋಟ ಬೇರೆ ಇಡುವುದು ಶುದ್ಧ ಅನ್ಯಾಯ; ಒಟ್ಟಿಗೆ ಉಂಡರೆ ಇದು ಹರಡುವುದಿಲ್ಲ. ಬೇರೆ ಇರಬೇಕಾದ್ದು ರೇಜರು, ಹಲ್ಲುಜ್ಜುವ ಬ್ರಷ್ಷು. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು.

ಈ ಲಸಿಕೆ 2011ರಿಂದ ದೇಶದಾದ್ಯಂತ ಸರ್ಕಾರದ ಕಾರ್ಯಕ್ರಮದಲ್ಲಿದೆ. ಆದರೂ ‘ಒಂದೂವರೆ ತಿಂಗಳಿಗೆ ಹೇಗೂ ಹಾಕಿಸುತ್ತೇವಲ್ಲ’ ಎಂದು ಹುಟ್ಟಿದ ದಿನದ ಚುಚ್ಚುಮದ್ದನ್ನು ಬಿಡುವುದು ನನಗಂತೂ ಒಪ್ಪಿಗೆಯಿಲ್ಲ. ತಾಯಿಯಿಂದ ಬರುವ ಸೋಂಕನ್ನು ತಡೆಯಲು ಅದು 24 ಗಂಟೆಯೊಳಗೆ ಬೀಳಬೇಕು. ತಾಯಿಗೆ ಸೋಂಕಿರುವುದು ಬಸುರಿಯಲ್ಲೇ ಗೊತ್ತಾಗಿದ್ದರೆ ಮಗುವಿಗೆ ಜೊತೆಯಲ್ಲೇ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದನ್ನೂ ಕೊಡಿಸಬಹುದು. ಆಮೇಲೆ ಎದೆಹಾಲು ಕುಡಿಸಲು ಅಡ್ಡಿಯಿಲ್ಲ.