ಸೂರಿಲ್ಲದವರ ಸಂಘಕ್ಕೆ ಸೂರುಳ್ಳವರೇ ಒಡೆಯರೇ?

ಬಡವರಿಗೆಂದು ಕಟ್ಟಿಸಿದ ಹೊಸ ಮನೆಯ ಆಶೀರ್ವಾದಕ್ಕೆ ಹೋದವರೆಲ್ಲರೂ ಕಂಡಿರಬಹುದಾದ ದೃಶ್ಯವಿದು. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಗ್ರಾನೈಟ್ ಫಲಕ. ಅದರ ಮೇಲೆ ದಾನಿಗಳ ಹೆಸರು, ಆಶೀರ್ವದಿಸಿದ ಗುರುಗಳ ಹೆಸರು, ಸಂಘದ ಅಧ್ಯಕ್ಷರ ಮತ್ತು ಕಾರ್ಯದರ್ಶಿಯ ಹೆಸರು. ಆ ಮನೆಯಲ್ಲಿ ಬಾಳಬೇಕಾದವರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಅವರನ್ನು ನಾವು 'ಫಲಾನುಭವಿ' ಎಂದು ಕರೆದು ಸುಮ್ಮನಾಗುತ್ತೇವೆ. ಹಾರ ಹಾಕಿಸಿಕೊಂಡವರು ವೇದಿಕೆಯ ಮೇಲೆ, ಫಲಾನುಭವಿ ಕೈಜೋಡಿಸಿಕೊಂಡು ವೇದಿಕೆಯ ಕೆಳಗೆ. ಇದರಲ್ಲಿ ತಪ್ಪೇನಿದೆ ಎಂದು ಕೇಳುವವರಿದ್ದಾರೆ. ಬಹುಕಾಲ ನಾನೂ ಹಾಗೆಯೇ ಕೇಳುತ್ತಿದ್ದೆ.

ನಮ್ಮ ಧರ್ಮಕೇಂದ್ರದ ವಸತಿ ನೆರವು ಸಮಿತಿಯಲ್ಲಿ ನಾನು ಒಂಬತ್ತು ವರ್ಷಗಳಿಂದ ಸದಸ್ಯನಾಗಿದ್ದೇನೆ. ನಮ್ಮೊಡನೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ, ಇಂಜಿನಿಯರ್ ಇದ್ದಾರೆ, ವಕೀಲರಿದ್ದಾರೆ, ಗುತ್ತಿಗೆದಾರರಿದ್ದಾರೆ. ನಾನು ಶಾಲಾ ಮಾಸ್ತರ. ಒಬ್ಬೊಬ್ಬರೂ ಸಜ್ಜನರು, ಸಮಿತಿಯ ಹಣದಲ್ಲಿ ಒಂದು ಲೋಟ ಚಹಾವನ್ನೂ ಕುಡಿದವರಲ್ಲ. ಆದರೆ ಮಳೆಗಾಲದ ನಡುರಾತ್ರಿಯಲ್ಲಿ ಸೋರುವ ಮಾಡಿನ ಕೆಳಗೆ ಪಾತ್ರೆಗಳನ್ನಿಟ್ಟುಕೊಂಡು ಕುಳಿತ ಅನುಭವ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಹೂ ಮಾರಿ ಬದುಕುವ ಒಬ್ಬ ವಿಧವೆ ತಾಯಿಗೆ ನಾವು ಮನೆ ಕಟ್ಟಿಸಿಕೊಟ್ಟೆವು. ನಿವೇಶನ ಅಗ್ಗವಾಗಿ ದೊರೆತದ್ದು ಊರಿನ ಹೊರವಲಯದಲ್ಲಿ. ಎಂಟು ತಿಂಗಳು ಕಳೆಯುವಷ್ಟರಲ್ಲಿ ಮನೆಗೆ ಬೀಗ ಬಿದ್ದಿತ್ತು. ಆಕೆ ಮಕ್ಕಳೊಡನೆ ಮಾರುಕಟ್ಟೆಯ ಹಿಂದಿನ ಹಳೆಯ ಬಾಡಿಗೆ ಕೋಣೆಗೆ ಮರಳಿದ್ದರು. ಸಮಿತಿ ಸಭೆ ಸೇರಿತು. 'ಉಪಕಾರ ಸ್ಮರಣೆಯಿಲ್ಲದವರಿಗೆ ಇನ್ನು ಮುಂದೆ ನೆರವು ನೀಡುವಾಗ ಎಚ್ಚರ ವಹಿಸತಕ್ಕದ್ದು' ಎಂದು ನಡಾವಳಿ ಪುಸ್ತಕದಲ್ಲಿ ಬರೆಯಲಾಯಿತು. ನಾನೂ ಸಹಿ ಹಾಕಿದೆ. ಮುಂದೊಂದು ದಿನ ಮಾರುಕಟ್ಟೆಯಲ್ಲಿ ಆ ತಾಯಿ ಎದುರಾದಾಗ ಕೇಳಿಯೇಬಿಟ್ಟೆ. ಅವರೆಂದರು: "ಬೆಳಗಿನ ಜಾವ ನಾಲ್ಕಕ್ಕೆ ಬಂದು ಹೂವು ಹಿಡೀಬೇಕು ಮೇಷ್ಟ್ರೇ. ಅಲ್ಲಿಂದ ಮೊದಲನೇ ಬಸ್ಸು ಆರೂವರೆಗೆ. ಯಾರಾದ್ರೂ ಒಂದು ಮಾತು ಕೇಳಿದ್ರೆ ಮೊದ್ಲೇ ಹೇಳ್ತಿದ್ದೆ."

ಒಂದು ಮಾತು! ಸಿಮೆಂಟಿನ ದರ ಕೇಳಿದ್ದೆವು, ಇಟ್ಟಿಗೆಯ ದರ ಕೇಳಿದ್ದೆವು, ಕುಟುಂಬದ ಬಗ್ಗೆ ನೆರೆಹೊರೆಯವರ ಅಭಿಪ್ರಾಯವನ್ನೂ ಕೇಳಿದ್ದೆವು. ಆ ತಾಯಿಯನ್ನು ಮಾತ್ರ ಕೇಳಿರಲಿಲ್ಲ. ಕೇಳಬೇಕೆಂದು ನಮಗೆ ತೋಚಲೂ ಇಲ್ಲ. ಏಕೆಂದರೆ ಅಂಥವರೊಬ್ಬರೂ ನಮ್ಮ ಮೇಜಿನ ಸುತ್ತ ಕುಳಿತಿರಲಿಲ್ಲ.

ಆದ್ದರಿಂದ ಇಲ್ಲಿ ನಾನು ಒಂದೇ ಮಾತನ್ನು ವಾದಿಸಬಯಸುತ್ತೇನೆ. ಬಡವರ ವಸತಿಗಾಗಿ ದುಡಿಯುವ, ಸರ್ಕಾರದ ಮುಂದೆ ಅವರ ಪರವಾಗಿ ದನಿಯೆತ್ತುವ ಯಾವುದೇ ಸಂಸ್ಥೆಯ ಚುಕ್ಕಾಣಿ ವಸತಿಯಿಲ್ಲದವರ ಕೈಯಲ್ಲಿಯೇ ಇರಬೇಕು. ಅವರು ಸಲಹೆ ನೀಡುವವರಾಗಿ, ಸಾಕ್ಷಿ ನುಡಿಯುವವರಾಗಿ ಇದ್ದರೆ ಸಾಲದು, ತೀರ್ಮಾನಿಸುವವರಾಗಿ ಇರಬೇಕು. ನಮ್ಮಂಥವರು ಅವರ ಪಕ್ಕದಲ್ಲಿ ಕುಳಿತು ಲೆಕ್ಕ ಬರೆಯಬಹುದು, ಅರ್ಜಿ ಬರೆಯಬಹುದು. ಅಧ್ಯಕ್ಷರ ಕುರ್ಚಿ ನಮ್ಮದಲ್ಲ.

ಇದು ಕನಸಿನ ಮಾತಲ್ಲ, ನಡೆದು ತೋರಿದ ದಾರಿ. ತೋರಿಸಿದವರಲ್ಲಿ ಒಬ್ಬರು ನಮ್ಮ ಕೋಲಾರದ ಚಿನ್ನದ ಗಣಿಯ ನೆಲದಲ್ಲಿ ಹುಟ್ಟಿದವರು. ಅವರೇ ಜಾಕಿನ್ ಅರ್ಪುತಂ. ತಮಿಳು ಮನೆಮಾತಿನ ಕುಟುಂಬದ ಈ ಯುವಕ 1960ರ ದಶಕದಲ್ಲಿ ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದರು. ಕಲಿತ ಕಸುಬು ಬಡಗಿಯದು; ನಜರೇತಿನ ಮನೆಯ ಕಸುಬೇ ಅದು. ವಾಸ ಮಾನ್‌ಖುರ್ದ್ ಬಳಿಯ ಜನತಾ ಕಾಲೋನಿ ಎಂಬ ಕೊಳೆಗೇರಿಯಲ್ಲಿ. ಅಲ್ಲಿನ ಕಸವನ್ನು ನಗರಪಾಲಿಕೆ ಎತ್ತುತ್ತಿರಲಿಲ್ಲ. ಜಾಕಿನ್ ಅವರು ಕೇರಿಯ ಮಕ್ಕಳನ್ನು ಕೂಡಿಸಿ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಸದ ಗಂಟು ಕೊಟ್ಟು, ಅದನ್ನು ಪಾಲಿಕೆಯ ಕಚೇರಿಯ ಎದುರೇ ಸುರಿಸಿದರು. ಅವರ ನಾಯಕತ್ವದ ಮೊದಲ ಪಾಠ ಅದು.

ಜನತಾ ಕಾಲೋನಿಯ ಜಾಗ ಪಕ್ಕದ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೆ ಬೇಕಾಗಿತ್ತು. ವರ್ಷಗಟ್ಟಲೆ ನಡೆದ ಹೋರಾಟದ ನಂತರ, 1976ರಲ್ಲಿ, ತುರ್ತು ಪರಿಸ್ಥಿತಿಯ ದಿನಗಳಲ್ಲಿ, ಇಡೀ ಕೇರಿಯನ್ನು ನೆಲಸಮ ಮಾಡಿ ಜನರನ್ನು ಚೀತಾ ಕ್ಯಾಂಪ್ ಎಂಬಲ್ಲಿಗೆ ಸಾಗಿಸಲಾಯಿತು. ಸೋಲು ಸೋಲೇ. ಆದರೆ ಅದೇ ದಶಕದಲ್ಲಿ ಅವರು ಕಟ್ಟಿದ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ ಉಳಿಯಿತು, ಊರಿಂದೂರಿಗೆ ಹಬ್ಬಿತು. 1996ರಲ್ಲಿ ಹಲವು ದೇಶಗಳ ಕೊಳೆಗೇರಿ ಒಕ್ಕೂಟಗಳು ಸೇರಿ ಅಂತರರಾಷ್ಟ್ರೀಯ ಸಂಘಟನೆಯೊಂದನ್ನು ಕಟ್ಟಿದಾಗಲೂ ಮುಂದಾಳುಗಳಲ್ಲಿ ಅವರಿದ್ದರು. 2000ದಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂದವು. 2018ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಕೋಲಾರದ ಮಣ್ಣಿನ ಈ ಮಗನ ಹೆಸರನ್ನು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಮಂದಿ ಕೇಳಿದ್ದಾರೆ?

ಜಾಕಿನ್ ಅವರೊಬ್ಬರನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅವರ ಜೊತೆಗೂಡಿದ ವಿದ್ಯಾವಂತರು ನಡೆದುಕೊಂಡ ರೀತಿಯನ್ನು ನಾವು ಗಮನಿಸಬೇಕು. ಶೀಲಾ ಪಟೇಲ್ ಮತ್ತು ಸಂಗಡಿಗರು 1984ರಲ್ಲಿ ಮುಂಬಯಿಯಲ್ಲಿ 'ಸ್ಪಾರ್ಕ್' ಎಂಬ ಸಂಸ್ಥೆ ಆರಂಭಿಸಿ, ಬೈಕುಲಾದ ಪಾದಚಾರಿ ಮಾರ್ಗಗಳ ಮೇಲೆ ಗುಡಿಸಲು ಕಟ್ಟಿಕೊಂಡಿದ್ದ ಹೆಂಗಸರ ನಡುವೆ ಕೆಲಸಕ್ಕೆ ತೊಡಗಿದರು. 1985ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಓಲ್ಗಾ ಟೆಲ್ಲಿಸ್ ಪ್ರಕರಣದ ತೀರ್ಪು ನೀಡಿತು. ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆ, ಬಡವರು ಪಾದಚಾರಿ ಮಾರ್ಗದಲ್ಲಿ ನೆಲೆಸುವುದು ಅದು ಅವರ ಕೆಲಸಕ್ಕೆ ಹತ್ತಿರವಿರುವುದರಿಂದ ಎಂದು ನ್ಯಾಯಾಲಯ ಒಪ್ಪಿತು. ಆದರೂ ಮುನ್ಸೂಚನೆ ಕೊಟ್ಟು ತೆರವುಗೊಳಿಸಲು ಪಾಲಿಕೆಗೆ ಅನುಮತಿ ನೀಡಿತು. (ನಮ್ಮ ಹೂವಿನ ತಾಯಿ ನನಗೆ ಹೇಳಿದ ಸತ್ಯ ಆ ತೀರ್ಪಿನಲ್ಲಿಯೇ ಇತ್ತು; ವಕೀಲರಿದ್ದ ನಮ್ಮ ಸಮಿತಿಗೆ ಅದು ನೆನಪಾಗಲಿಲ್ಲ.) ಆ ಆತಂಕದ ದಿನಗಳಲ್ಲಿ ಬೀದಿಯ ಹೆಂಗಸರು ಮತ್ತು ಸ್ಪಾರ್ಕ್‌ನವರು ಕೂಡಿ ಸುಮಾರು 6,000 ಕುಟುಂಬಗಳ ಗಣತಿ ನಡೆಸಿದರು. ಸರ್ಕಾರದ ಪುಸ್ತಕದಲ್ಲಿ ಲೆಕ್ಕಕ್ಕಿಲ್ಲದ ಜನ ತಮ್ಮ ಲೆಕ್ಕವನ್ನು ತಾವೇ ಬರೆದು ಮುಂದಿಟ್ಟರು.

ಆ ಹೆಂಗಸರೇ ಮುಂದೆ 'ಮಹಿಳಾ ಮಿಲನ್' ಎಂಬ ಸಂಘವಾದರು. ದಿನಕ್ಕೆ ಎರಡು ರೂಪಾಯಿಯಾಗಲಿ ಐದಾಗಲಿ, ಮನೆಮನೆಗೆ ಹೋಗಿ ಉಳಿತಾಯ ಕೂಡಿಸಿದರು. ತಮಗೆ ಬೇಕಾದ ಮನೆ ಹೇಗಿರಬೇಕೆಂಬುದನ್ನು ಮರ ಮತ್ತು ಬಟ್ಟೆಯಿಂದ ನಿಜ ಗಾತ್ರದಲ್ಲಿ ಕಟ್ಟಿ ನಿಲ್ಲಿಸಿ, ಅಧಿಕಾರಿಗಳನ್ನು ಕರೆದು ತೋರಿಸಿದರು. ಅವರು ಕೇಳಿದ್ದು 14 ಅಡಿ ಎತ್ತರದ ಒಂದೇ ಕೋಣೆ. ನಡುವೆ ಅಟ್ಟ ಹಾಕಿಕೊಂಡರೆ ಮಕ್ಕಳಿಗೆ ಮಲಗಲು ಜಾಗ. ಪುಣೆಯಲ್ಲಿ ಈ ಸಂಘಟನೆಗಳು ಪಾಲಿಕೆಯೊಡನೆ ಸೇರಿ ಕೊಳೆಗೇರಿಗಳಲ್ಲಿ ನೂರಕ್ಕೂ ಹೆಚ್ಚು ಸಾರ್ವಜನಿಕ ಶೌಚಾಲಯಗಳನ್ನು ಕಟ್ಟಿದಾಗ ಮಕ್ಕಳಿಗೆಂದೇ ಬೇರೆ ಶೌಚಾಲಯವಿರಿಸಿದರು. ಏಕೆ? ಬೆಳಗಿನ ಸಾಲಿನಲ್ಲಿ ದೊಡ್ಡವರು ಮಕ್ಕಳನ್ನು ಹಿಂದಕ್ಕೆ ತಳ್ಳುತ್ತಾರೆ, ಮಕ್ಕಳು ಚರಂಡಿಯ ಅಂಚಿಗೆ ಹೋಗುತ್ತಾರೆ. ಆ ಸಾಲಿನಲ್ಲಿ ನಿಂತ ತಾಯಂದಿರಿಗೆ ಇದು ತಿಳಿದಿತ್ತು. ಯಾವ ಇಂಜಿನಿಯರಿಂಗ್ ಪುಸ್ತಕದಿಂದ ನಮ್ಮ ಸಮಿತಿ ಇದನ್ನು ಕಲಿಯುತ್ತಿತ್ತು?

ಈಗ ಆಕ್ಷೇಪಣೆಗಳಿಗೆ ಬರೋಣ. 'ಅವರಿಗೆ ಲೆಕ್ಕಪತ್ರ ಗೊತ್ತಿಲ್ಲ' ಎನ್ನುತ್ತಾರೆ. ದಿನಗೂಲಿಯಲ್ಲಿ ಸಂಸಾರ ತೂಗಿಸುವ ಹೆಣ್ಣಿಗಿಂತ ಲೆಕ್ಕ ಬಲ್ಲವರು ಯಾರು? ಮಹಿಳಾ ಮಿಲನ್‌ನಲ್ಲಿ ಅಕ್ಷರ ಬಾರದ ಹೆಂಗಸರೂ ಉಳಿತಾಯದ ಹಣ ಸಂಗ್ರಹಿಸಿದರು. ಪುಸ್ತಕ ಬರೆಯಲು ಓದು ಬಲ್ಲವರು ನೆರವಾದರು. 'ತಮ್ಮವರಿಗೇ ಮನೆ ಹಂಚಿಕೊಳ್ಳುತ್ತಾರೆ' ಎನ್ನುತ್ತಾರೆ. ಸ್ವಾರ್ಥ ಬಡವರ ಕೇರಿಯಲ್ಲಿ ಮಾತ್ರ ವಾಸವಾಗಿದೆಯೇ? ಗುತ್ತಿಗೆ ಯಾರಿಗೆ ಹೋಗಬೇಕು, ಫಲಕದಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬ ಚರ್ಚೆಗಳನ್ನು ಕಂಡ ನಾವು ಈ ಮಾತನ್ನಾಡುವಾಗ ಸ್ವಲ್ಪ ಅಂಜಬೇಕು. ಯಾರು ಕುಳಿತರೂ ತಪಾಸಣೆ ಬೇಕು. ತಪಾಸಣೆ ಬೇಕೆಂಬುದು ಅವರನ್ನು ಹೊರಗಿಡಲು ಕಾರಣವಾಗದು.

ಮುಂಬಯಿಯ ಸಂಘಟನೆಯೂ ದೋಷವಿಲ್ಲದ್ದಲ್ಲ ಎಂಬುದನ್ನು ಒಪ್ಪಬೇಕು. ಸರ್ಕಾರ ಮತ್ತು ವಿಶ್ವಬ್ಯಾಂಕಿನೊಡನೆ ಅದು ಅತಿಯಾಗಿ ಹೊಂದಿಕೊಂಡಿತೆಂದು ಟೀಕಿಸಿದವರಿದ್ದಾರೆ. ರೈಲು ಹಳಿಗಳ ಅಂಚಿನಿಂದ ಎತ್ತಂಗಡಿಯಾದ ಕುಟುಂಬಗಳಿಗೆ ದೊರೆತ ಕೆಲವು ಕಟ್ಟಡಗಳಲ್ಲಿ ಗಾಳಿ ಬೆಳಕು ಸಾಲದೆಂಬ ದೂರುಗಳಿವೆ. ಒಬ್ಬರೇ ನಾಯಕರು ದಶಕಗಟ್ಟಲೆ ಮುಂದಿದ್ದದ್ದೂ ಚರ್ಚೆಗೆ ಅರ್ಹವಾದ ವಿಷಯವೇ. ಆದರೆ ಈ ತಪ್ಪುಗಳನ್ನು ಪ್ರಶ್ನಿಸುವ ಹಕ್ಕು ಅಲ್ಲಿನ ಹೆಂಗಸರಿಗೆ ಸದಸ್ಯರಾಗಿಯೇ ಇತ್ತು. ನಮ್ಮ ಹೂವಿನ ತಾಯಿಗೆ ನಮ್ಮ ಸಭೆಯ ಬಾಗಿಲೇ ಕಾಣಲಿಲ್ಲ.

ಇನ್ನೊಂದು ಮಾತು ಕೇಳಿಬರುತ್ತದೆ: 'ನಾವು ದಾನ ಮಾಡುವವರು, ನಮಗೆ ಈ ಚಳವಳಿಯ ಗೊಡವೆ ಏಕೆ?' ದಾನದ ಅಳತೆ ಎಷ್ಟೆಂದು ನೋಡೋಣ. ಕೇಂದ್ರ ಸರ್ಕಾರವೇ ನೇಮಿಸಿದ ತಜ್ಞರ ತಂಡದ ಪ್ರಕಾರ 2012ರಲ್ಲಿ ಭಾರತದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯಿತ್ತು, ಅದರಲ್ಲಿ ಶೇ. 95ಕ್ಕೂ ಹೆಚ್ಚು ಪಾಲು ಬಡ ಮತ್ತು ಕಡಿಮೆ ಆದಾಯದ ಕುಟುಂಬಗಳದು. ವರ್ಷಕ್ಕೆರಡು ಮನೆ ಕಟ್ಟುವ ನಮ್ಮಂಥ ಸಮಿತಿಗಳಿಂದ ಇದು ತುಂಬುವುದೇ? 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ತಾವೇ ಮನೆ ಕಟ್ಟಿಕೊಳ್ಳುವವರಿಗೆ ಸಹಾಯಧನವಿತ್ತು, ಆದರೆ ಅದಕ್ಕೆ ನಿವೇಶನದ ದಾಖಲೆ ಬೇಕಿತ್ತು. ಹಕ್ಕುಪತ್ರವಿಲ್ಲದ ಕೊಳೆಗೇರಿಯವನು ಮನೆಗೆ ಎಲ್ಲರಿಗಿಂತ ಹೆಚ್ಚು ಅರ್ಹನಾಗಿದ್ದೂ ಅಲ್ಲಿಯೇ ತಡೆದು ನಿಲ್ಲುತ್ತಾನೆ. ನೂರು ಕುಟುಂಬಗಳಿಗೆ ಹಕ್ಕುಪತ್ರ ದೊರಕಿಸಲು ನಡೆಸುವ ಹೋರಾಟ, ಎರಡು ಮನೆ ಕಟ್ಟುವ ದಾನಕ್ಕಿಂತ ಕಡಿಮೆ ಪುಣ್ಯದ ಕೆಲಸವೇ? ಆ ಹೋರಾಟವನ್ನು ಹಕ್ಕುಪತ್ರವಿಲ್ಲದವರು ಮುನ್ನಡೆಸಿದರೆ ಮಾತ್ರ ಅದಕ್ಕೆ ಬಲ ಬರುತ್ತದೆ. ಸಮಿತಿಯ ಅಧ್ಯಕ್ಷರು ತಹಶೀಲ್ದಾರರ ಕಚೇರಿಗೆ ಹೋದರೆ ಕುರ್ಚಿ, ಕಾಫಿ ಸಿಗುತ್ತವೆ. ಇನ್ನೂರು ಹೆಂಗಸರು ತಮ್ಮ ಗಣತಿಯ ಪುಸ್ತಕ ಹಿಡಿದು ಹೋದರೆ ಉತ್ತರ ಸಿಗುತ್ತದೆ.

ಪವಿತ್ರ ಗ್ರಂಥ ತಿಳಿದವರಿಗೆ ಇದು ಹೊಸ ಬೋಧನೆಯಲ್ಲ. ನೆಹೆಮೀಯನು ಜೆರುಸಲೇಮಿನ ಗೋಡೆಯನ್ನು ಹೇಗೆ ಕಟ್ಟಿಸಿದನೆಂಬುದನ್ನು ಅವನ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಓದಿ ನೋಡಿ: ಹಲವರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನು ತಾವೇ ಕಟ್ಟಿದರು. ಐದನೆಯ ಅಧ್ಯಾಯದಲ್ಲಿ, ಸಾಲಕ್ಕಾಗಿ ಹೊಲ ಮನೆಗಳನ್ನು ಒತ್ತೆಯಿಟ್ಟ ಬಡವರು ಮೊರೆಯಿಟ್ಟಾಗ ಆತನು ಚಂದಾ ಎತ್ತಲಿಲ್ಲ. ಶ್ರೀಮಂತರನ್ನು ಕರೆಸಿ ಆಸ್ತಿಯನ್ನು ಹಿಂದಿರುಗಿಸಲು ಹೇಳಿದನು, ರಾಜ್ಯಪಾಲನಿಗೆ ಸಲ್ಲಬೇಕಾದ ಭತ್ಯೆಯನ್ನು ತಾನೂ ಮುಟ್ಟಲಿಲ್ಲ. ಜಗದ್ಗುರು ಹನ್ನೊಂದನೆಯ ಪಿಯುಸ್ ಅವರು 1931ರ ವಿಶ್ವಪತ್ರದಲ್ಲಿ, ಸಣ್ಣ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಸಿದುಕೊಳ್ಳುವುದು ಅನ್ಯಾಯವೆಂದು ಬೋಧಿಸಿದರು. ಜಗದ್ಗುರು ಫ್ರಾನ್ಸಿಸ್ ಅವರು 2014ರ ಅಕ್ಟೋಬರ್‌ನಲ್ಲಿ ಜಗತ್ತಿನ ಜನಚಳವಳಿಗಳ ಮುಂದಾಳುಗಳನ್ನು ರೋಮಿಗೆ ಬರಮಾಡಿಕೊಂಡು ನೆಲ, ಸೂರು, ದುಡಿಮೆ ಎಂಬ ಮೂರು ಹಕ್ಕುಗಳ ಬಗ್ಗೆ ಮಾತನಾಡಿದರು. ಅಂದು ಅವರ ಎದುರು ಕುಳಿತವರಲ್ಲಿ ಚಿಂದಿ ಆಯುವವರಿದ್ದರು, ಭೂಮಿಯಿಲ್ಲದ ರೈತರಿದ್ದರು. ಬಡವರ ಬಗ್ಗೆ ಮಾತನಾಡಲು ಅವರು ಬಡವರನ್ನೇ ಕರೆದರು. ನಾವು?

ಹಾಗಾದರೆ ಮಾಡಬೇಕಾದದ್ದೇನು? ಪ್ರತಿ ಧರ್ಮಕೇಂದ್ರದ ವಸತಿ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಥಾನಗಳು ಬಾಡಿಗೆ ಕೋಣೆ, ಗುಡಿಸಲು, ಕೊಳೆಗೇರಿಗಳಲ್ಲಿ ಬಾಳುವವರಿಗೆ ಮೀಸಲಾಗಲಿ. ಅವರಲ್ಲಿ ಅರ್ಧ ಮಂದಿಯಾದರೂ ಹೆಂಗಸರಿರಲಿ. ಸಭೆಯು ಅವರ ಕೆಲಸ ಮುಗಿದ ಹೊತ್ತಿನಲ್ಲಿ, ಅವರ ಕೇರಿಯಲ್ಲಿಯೇ ಸೇರಲಿ. ಲೆಕ್ಕಪತ್ರವನ್ನು ತಿಂಗಳಿಗೊಮ್ಮೆ ಎಲ್ಲರ ಎದುರು ಕನ್ನಡದಲ್ಲಿ ಓದಿ ಹೇಳಲಿ. ಅಧ್ಯಕ್ಷರು ಯಾರೇ ಆಗಲಿ, ಎರಡು ಅವಧಿಗಿಂತ ಹೆಚ್ಚು ಮುಂದುವರಿಯದಿರಲಿ. ಗ್ರಾನೈಟ್ ಫಲಕದ ಹಣದಲ್ಲಿ ಒಂದು ಕಿಟಕಿ ಹೆಚ್ಚಿಗೆ ಇಡಿಸೋಣ.

ಬರುವ ಪಾಸ್ಖ ಹಬ್ಬದ ನಂತರ ನಮ್ಮ ಸಮಿತಿಯ ಅವಧಿ ಮುಗಿಯುತ್ತದೆ. ನನ್ನ ಸ್ಥಾನಕ್ಕೆ ಆ ಹೂವಿನ ತಾಯಿಯ ಹೆಸರನ್ನು ಸೂಚಿಸಿ ವಿಚಾರಣಾ ಗುರುಗಳಿಗೆ ಪತ್ರ ಬರೆದಿದ್ದೇನೆ. ಒಪ್ಪಿಗೆ ಕೇಳಲು ಹೋದಾಗ ಅವರು ಕೂಡಲೇ ಹ್ಞೂಂ ಎನ್ನಲಿಲ್ಲ, "ಸಭೆ ಎಷ್ಟು ಗಂಟೆಗೆ ಮೇಷ್ಟ್ರೇ?" ಎಂದು ಕೇಳಿದರು. ಸಂಜೆ ವ್ಯಾಪಾರ ಮುಗಿದ ಮೇಲೆ ಇಟ್ಟುಕೊಳ್ಳಬಹುದು ಎಂದೆ. ಹಾಗಾದರೆ ಬರುತ್ತೇನೆ ಎಂದರು. ಹಳೆಯ ನಡಾವಳಿಯಲ್ಲಿ ಅವರ ಬಗ್ಗೆ ಬರೆದ ಆ ಸಾಲಿನ ಕೆಳಗೆ ನನ್ನ ಸಹಿ ಇನ್ನೂ ಇದೆ. ಅದನ್ನು ಹೊಡೆದುಹಾಕಬೇಕೆಂಬ ನಿರ್ಣಯವನ್ನು ಕೊನೆಯ ಸಭೆಯಲ್ಲಿ ನಾನೇ ಮಂಡಿಸುತ್ತೇನೆ. ಓದುಗ ಬಂಧುಗಳೇ, ನಿಮ್ಮ ಧರ್ಮಕೇಂದ್ರದ ನಡಾವಳಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿ.