ಕಡವಿನ ದೋಣಿಯೂ ಬಸ್ಸೇ ಅಲ್ವಾ ಸ್ವಾಮಿ?

ಸಂಜೆ ಹೊತ್ತು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ಈ ಪತ್ರಿಕೆ ಬಿಡಿಸಿರುವ ಮಹನೀಯರೇ, ನಿಮಗೊಂದು ಪ್ರಶ್ನೆ. ನಿಮ್ಮ ಬಸ್ಸು ಹತ್ತು ನಿಮಿಷ ತಡವಾದರೆ ಏನು ಮಾಡುತ್ತೀರಿ? ಮೊದಲು ಕಂಡಕ್ಟರನಿಗೆ ಬೈಯುತ್ತೀರಿ. ಆಮೇಲೆ ಮಾಲಕನಿಗೆ. ಅಲ್ಲಿಗೂ ಸಿಟ್ಟು ತಣಿಯದಿದ್ದರೆ ಸರಕಾರಕ್ಕೆ. ಬೈಯುವ ಹಕ್ಕು ನಿಮಗೆ ಉಂಟು. ಯಾಕೆಂದರೆ ಅದು ಬಸ್ಸು. ಅದಕ್ಕೆ ಪರ್ಮಿಟ್ ಉಂಟು, ನಂಬರ್ ಉಂಟು, ಟೈಮಿಂಗ್ ಉಂಟು.

ನೀವು ನಿಂತಲ್ಲಿಂದ ರಾವ್ ಅಂಡ್ ರಾವ್ ಸರ್ಕಲ್ ದಾಟಿ ಬಂದರಿಗೆ ನಡೆದುಕೊಂಡು ಹೋಗಿ. ಅಲ್ಲಿ ನದಿಯ ಬದಿ ಇನ್ನೊಂದು ಗುಂಪು ಕಾಯುತ್ತಾ ನಿಂತಿರುತ್ತದೆ. ಖಾಲಿ ಬುಟ್ಟಿ ಹಿಡಿದ ಹೆಂಗಸರು, ಚೀಲ ಬೆನ್ನಿಗೇರಿಸಿದ ಶಾಲೆ ಮಕ್ಕಳು, ಅಕ್ಕಿ ಗಂಟು ಹೊತ್ತವರು, ಮದ್ದಿನ ಚೀಟಿ ಮಡಚಿ ಕಿಸೆಗೆ ತುರುಕಿದವರು. ಅವರಿಗೂ ಮನೆಗೆ ಹೋಗಬೇಕು. ಅವರ ಬಸ್ಸು ಮಾತ್ರ ನೀರಿನ ಮೇಲೆ ಬರಬೇಕು. ಅವರು ಯಾರಿಗೂ ಬೈಯುವುದಿಲ್ಲ.

ನಾನು ಅಲ್ಲಿಗೆ ಹೋದದ್ದು ದೊಡ್ಡ ಸಮಾಜಸೇವೆಗೇನೂ ಅಲ್ಲ. ದಾವಣಗೆರೆಯಿಂದ ನಮ್ಮ ಭಾವ ಬಂದಿದ್ದರು. "ನಿಮ್ಮೂರಾಗೆ ದೋಣೀಲಿ ಹೋಗೋ ದ್ವೀಪ ಐತಂತಲ್ಲ, ತೋರಿಸಪ್ಪ" ಎಂದರು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬೆಂಗ್ರೆಗೆ ಹೊರಟೆವು.

ಬೆಂಗ್ರೆ ದ್ವೀಪವೇ? ಪಿಯುಸಿ ಅರ್ಧಕ್ಕೆ ಬಿಟ್ಟ ನನಗೂ ಗೊತ್ತು, ಸುತ್ತ ನೀರಿದ್ದರೆ ಮಾತ್ರ ದ್ವೀಪ. ಬೆಂಗ್ರೆಗೆ ಪಡುವಲಲ್ಲಿ ಕಡಲು, ಮೂಡಲಲ್ಲಿ ಫಲ್ಗುಣಿ ನದಿ, ತೆಂಕಲಲ್ಲಿ ಅಳಿವೆ ಬಾಗಿಲು. ಬಡಗಲಲ್ಲಿ ಮಾತ್ರ ತಣ್ಣೀರುಬಾವಿ ಕಡೆಗೆ ನೆಲ ಅಂಟಿಕೊಂಡಿದೆ. ಹಾಗಾಗಿ ಭೂಗೋಳದ ಮೇಷ್ಟ್ರು ಇದನ್ನು ಮರಳದಿಣ್ಣೆ ಎನ್ನುತ್ತಾರೆ. ಆದರೆ ಬಂದರಿನ ದಕ್ಕೆಯಲ್ಲಿ ನಿಂತು ಕೂಗಿದರೆ ಕೇಳುವಷ್ಟು ಹತ್ತಿರ ಇರುವ ಮನೆಗೆ ರಸ್ತೆಯಲ್ಲಿ ಹೋಗಬೇಕಾದರೆ ಕೂಳೂರು ಸುತ್ತಿ, ತಣ್ಣೀರುಬಾವಿ ಹಾಯ್ದು, ಹತ್ತು ಕಿಲೋಮೀಟರ್ ಮೇಲೆ ತಿರುಗಬೇಕು. ದೋಣಿಯಲ್ಲಿ ಕೆಲವೇ ನಿಮಿಷ. ಇದಕ್ಕೆ ಮೇಷ್ಟ್ರು ಏನು ಹೆಸರು ಕೊಡುತ್ತಾರೋ ನನಗೆ ತಿಳಿಯದು.

ದೋಣಿ ತುಂಬಿತು. ಭಾವನಿಗೆ ಫೋಟೋ ತೆಗೆಯುವ ಸಂಭ್ರಮ. ದಕ್ಕೆಯಲ್ಲಿ ಸಾಲುಗಟ್ಟಿದ ಟ್ರಾಲ್ ಬೋಟುಗಳು, ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಗಳು, ಮೇಲೆ ಗಿಡುಗ. ಎದುರು ಕೂತಿದ್ದ ಮೀನಿನ ಅಕ್ಕ ಸ್ವಲ್ಪ ಹೊತ್ತು ನೋಡಿ ಕೇಳಿದರು, "ಎಂತ ಅಣ್ಣಾ, ಪಿಕ್ನಿಕ್ಕಾ?"

"ಹೌದು ಅಕ್ಕಾ, ನೋಡ್ಲಿಕ್ಕೆ ಚಂದ ಉಂಟಲ್ವಾ" ಎಂದೆ.

"ಚಂದ ಉಂಟು. ರಾತ್ರಿ ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಆಚೆ ದಡದಲ್ಲಿ ನಿಂತು ನೋಡಿ. ಪೇಟೆಯ ಲೈಟು ಎಲ್ಲ ಕಾಣ್ತದೆ. ಇನ್ನೂ ಚಂದ."

ಭಾವ ಫೋನು ಕಿಸೆಗೆ ಹಾಕಿಕೊಂಡರು.

ಅಲ್ಲಿಂದ ಮುಂದೆ ನಾನು ಪಿಕ್ನಿಕ್ಕಿನವನಾಗಿ ಉಳಿಯಲಿಲ್ಲ. ತೋಟ ಬೆಂಗ್ರೆಯ ಮೊಗವೀರರ ಅಂಗಳದಲ್ಲೂ ಕಸಬಾ ಬೆಂಗ್ರೆಯ ಬ್ಯಾರಿಗಳ ಚಾದ ಅಂಗಡಿಯಲ್ಲೂ ಕೂತು ಮಾತಾಡಿದೆ. ಒಂದು ಕಡೆ ತುಳು, ಇನ್ನೊಂದು ಕಡೆ ಬ್ಯಾರಿ ಭಾಷೆ. ಹೇಳಿದ ಮಾತು ಎರಡೂ ಕಡೆ ಒಂದೇ: ದೋಣಿ ಇದ್ದರೆ ಊರು, ಇಲ್ಲದಿದ್ದರೆ ಇಲ್ಲ.

ದೋಣಿ ನಡೆಸುವವರನ್ನು ನಾನು ದೂರುವುದಿಲ್ಲ. ಭರತ ಇಳಿತ ನೋಡಿ ನದಿಯ ಮನಸ್ಸು ತಿಳಿಯುವ ಜನ ಅವರು. ಅವರ ಕೈಗುಣದಿಂದಲೇ ಎಷ್ಟೋ ಮಕ್ಕಳು ಶಾಲೆ ಮುಗಿಸಿದ್ದಾರೆ. ನನ್ನ ತಕರಾರು ಇಷ್ಟೇ. ಒಂದು ಊರಿನ ಜನ ದಿನಾ ಓಡಾಡುವುದು ಬರೀ ಕೈಗುಣದ ಮೇಲೆ ನಿಂತಿರಬಾರದು. ಮಹಾನಗರಪಾಲಿಕೆಯ 60 ವಾರ್ಡುಗಳಲ್ಲಿ ಬೆಂಗ್ರೆಯೂ ಒಂದು. ಅಲ್ಲಿಯವರೂ ಓಟು ಹಾಕುವವರೇ. ಓಟು ಕೇಳುವವರೂ ನದಿ ದಾಟಿಯೇ ಹೋಗುತ್ತಾರೆ.

ನೀರಿನ ಪ್ರಯಾಣದಲ್ಲಿ ಅಸಡ್ಡೆ ಮಾಡಿದರೆ ಏನಾಗುತ್ತದೆ ಎಂದು ನಮಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿತು. ಹದಿನಾರು ಜೀವ ಹೋಯಿತು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿ ಮೀರಿ ಜನ ತುಂಬಿದ ವಿಹಾರ ದೋಣಿ ಮಗುಚಿ 22 ಮಂದಿ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಪ್ರತಿ ಸಲವೂ ಹೆಣ ಎತ್ತಿದ ಮೇಲೆಯೇ ಲೈಫ್ ಜಾಕೆಟ್ಟಿನ ನೆನಪು. ಅವು ವರ್ಷಕ್ಕೊಮ್ಮೆಯೋ ರಜೆಗೊಮ್ಮೆಯೋ ಹತ್ತುವವರ ದೋಣಿಗಳು. ಬೆಂಗ್ರೆಯವರಿಗೆ ವರ್ಷದ ಎಲ್ಲಾ ದಿನವೂ ದೋಣಿ.

ಮಳೆಗಾಲದ ಲೆಕ್ಕವೇ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿನ ಸಂತತಿ ಉಳಿಯಲಿ ಎಂದು ಸರಕಾರ ಮಾಡಿದ ಕಾನೂನು, ಒಳ್ಳೆಯದೇ. ದೊಡ್ಡ ಬೋಟು ದಕ್ಕೆಯಲ್ಲಿ ಹಗ್ಗ ಬಿಗಿದು ಮಲಗುತ್ತದೆ. ಕಡವಿನ ದೋಣಿಗೆ ರಜೆ ಎಲ್ಲಿ? ಘಟ್ಟದ ಕೆಂಪು ನೀರು ರಭಸದಿಂದ ಇಳಿಯುವಾಗ ಅದರಲ್ಲೇ ಮಕ್ಕಳು ಶಾಲೆಗೆ ಬರಬೇಕು, ಗರ್ಭಿಣಿ ಡಾಕ್ಟರರ ಹತ್ತಿರ ಬರಬೇಕು.

ಬಂದರಿನ ಅಂಗಡಿಯವರೇ, ಈ ಮಾತು ನಿಮಗೂ ಸೇರಿದ್ದು. ಬಲೆಯ ನೂಲು, ಹಗ್ಗ, ಅಕ್ಕಿ, ಮೆಣಸು, ಶಾಲೆಯ ಪುಸ್ತಕ ಎಲ್ಲದಕ್ಕೂ ಅವರು ನಿಮ್ಮ ಮೆಟ್ಟಿಲಿಗೇ ಬರುವವರು. ಮಳೆಗಾಲದಲ್ಲಿ ನಿಮ್ಮ ಸಾಲದ ಪುಸ್ತಕದಲ್ಲಿ ಬರೆಸಿಕೊಳ್ಳುವವರು, ಬೂತಾಯಿ ಬಂಗುಡೆ ಸಿಕ್ಕಿದ ಕೂಡಲೇ ತೀರಿಸುವವರು. ಕೊನೇ ದೋಣಿ ತಪ್ಪೀತೆಂದು ಸಾಮಾನು ಅರ್ಧಕ್ಕೇ ಬಿಟ್ಟು ಓಡುವ ಗಿರಾಕಿಯನ್ನು ನೀವು ನೋಡಿಲ್ಲವೇ?

"ಇದೆಲ್ಲ ಸಾಧ್ಯವಾ?" ಎಂದು ಕೇಳುವವರು ಪಕ್ಕದ ರಾಜ್ಯವನ್ನು ನೋಡಲಿ. ಕೇರಳದಲ್ಲಿ 1968ರಲ್ಲೇ ಜಲಸಾರಿಗೆಗೆಂದು ಬೇರೆ ಇಲಾಖೆ ಮಾಡಿದರು. ಅಲ್ಲಿ ಸರಕಾರಿ ಬೋಟಿಗೆ ಬಸ್ಸಿನ ಹಾಗೆ ವೇಳಾಪಟ್ಟಿ, ಬಸ್ಸಿನ ಹಾಗೆ ಟಿಕೇಟು. 2017ರ ಜನವರಿಯಲ್ಲಿ ವೈಕಂ ಮತ್ತು ತವಣಕಡವು ನಡುವೆ ಬಿಸಿಲಿನಿಂದಲೇ ಓಡುವ 75 ಸೀಟಿನ ದೋಣಿ ಹಾಕಿದರು. 2023ರ ಏಪ್ರಿಲಿನಲ್ಲಿ ಕೊಚ್ಚಿಯಲ್ಲಿ ವಾಟರ್ ಮೆಟ್ರೋ ಶುರುವಾಯಿತು. ಅದರ ಕಟ್ಟೆ ನೀರಿನ ಮೇಲೆ ತೇಲುತ್ತದೆ. ಭರತಕ್ಕೆ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಅಜ್ಜಿಯೂ ಕಾಲು ಎತ್ತಿ ಹಾರಬೇಕಾಗಿಲ್ಲ. ನಮ್ಮ ಫಲ್ಗುಣಿಯ ನೀರು ಅವರ ನೀರಿಗಿಂತ ಬೇರೆಯಲ್ಲ.

ಇನ್ನೊಂದು ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಬೀದರಿನಿಂದ ಧರ್ಮಸ್ಥಳಕ್ಕೂ ಬರಬಹುದು. ಬುಟ್ಟಿ ಹೊತ್ತ ಬೆಂಗ್ರೆಯ ಅಕ್ಕ ದುಡಿಯಲು ಪೇಟೆಗೆ ಬರಬೇಕಾದರೆ ಮಾತ್ರ ಸೆರಗಿನ ಗಂಟು ಬಿಚ್ಚಲೇಬೇಕು. ನೀರಿನ ಮೇಲೆ ಇರುವವಳು ಹೆಂಗಸಲ್ಲವೇ?

ಕೂಡಲೇ ಒಬ್ಬರು ಎದ್ದು ಹೇಳುತ್ತಾರೆ, "ಸೇತುವೆ ಕಟ್ಟಿದರೆ ಮುಗಿಯಿತಲ್ಲ!" ಕಟ್ಟಲಿ, ಬೇಡ ಎಂದವರು ಯಾರು? ಆದರೆ ದಕ್ಕೆಯ ಎದುರು ಸೇತುವೆ ಎಂದರೆ ಬೋಟುಗಳ ಕಂಬ ತಾಗದಷ್ಟು ಎತ್ತರ ಬೇಕು, ಎತ್ತರಕ್ಕೆ ತಕ್ಕ ಉದ್ದ ಬೇಕು, ಉದ್ದಕ್ಕೆ ತಕ್ಕ ಕೋಟಿಗಳು ಬೇಕು. ಚಾದ ಅಂಗಡಿಯ ಹಿರಿಯರೊಬ್ಬರು ಹೇಳಿದ್ದು ಸರಿ: "ಸೇತುವೆ ಆಗುವಾಗ ಆಗಲಿ ಮಾರಾಯ್ರೆ. ಅಷ್ಟರವರೆಗೆ ನಾವು ಈಜಿಕೊಂಡು ಬರುದಾ?"

ಆದ್ದರಿಂದ ಸಂಬಂಧಪಟ್ಟವರಲ್ಲಿ ಈ ಅಂಕಣದ ಬೇಡಿಕೆ ನಾಲ್ಕೇ. ಎರಡೂ ದಡದಲ್ಲಿ ದೋಣಿಯ ಸಮಯ ಬರೆದ ಬೋರ್ಡು ಇರಲಿ. ಎಷ್ಟು ಜನ ಹತ್ತಬಹುದು ಎಂಬುದನ್ನು ದೋಣಿಯ ಮೈಮೇಲೆ ದೊಡ್ಡದಾಗಿ ಬರೆಯಿರಿ, ಅಷ್ಟೂ ಜನಕ್ಕೆ ಲೈಫ್ ಜಾಕೆಟ್ ಇಡಿ. ಇಳಿತದ ಹೊತ್ತಿನಲ್ಲೂ ಮುದುಕರು ಜಾರದೆ ಹತ್ತುವಂಥ ಕಟ್ಟೆ, ಅದಕ್ಕೆ ಬೆಳಕು ಕೊಡಿ. ರಾತ್ರಿ ಕಾಯಿಲೆಯವರಿಗೆಂದು ಒಂದು ದೋಣಿಯನ್ನು ಸದಾ ಸಿದ್ಧ ಇಡಿ. ಸೇತುವೆಯ ಒಂದು ಕಂಬಕ್ಕೆ ಆಗುವ ಖರ್ಚೂ ಇದಕ್ಕೆ ಬೇಡ.

ಮರಳಿ ಬರುವಾಗ ಕತ್ತಲಾಗಿತ್ತು. ಈಚೆ ದಡದಲ್ಲಿ ಇಳಿಯುವಾಗ ಭಾವನ ಕಾಲು ಜಾರಿತು. ಹಿಂದಿನಿಂದ ಶಾಲೆ ಹುಡುಗನೊಬ್ಬ ಅವರ ರಟ್ಟೆ ಗಟ್ಟಿಯಾಗಿ ಹಿಡಿದ. "ಎಡದ ಕಾಲು ಮೊದಲು ಇಡಿ ಮಾಮ, ಆ ಕಲ್ಲು ಪಾಚಿ" ಎಂದ. ಅವನಿಗೆ ಕಲ್ಲು ಕಲ್ಲೂ ಗೊತ್ತು.

ಇವತ್ತು ನಿಮ್ಮ ಬಸ್ಸು ತಡವಾದರೆ ಬೈಯುತ್ತಾ ನಿಲ್ಲಬೇಡಿ. ಬಂದರಿನವರೆಗೆ ನಡೆದು ಹೋಗಿ, ಆ ದೋಣಿಯಲ್ಲಿ ಒಮ್ಮೆ ದಾಟಿ ಬನ್ನಿ. ಆಮೇಲೆ ಬೈಯಿರಿ, ಆ ಹುಡುಗನ ಪರವಾಗಿಯೂ ಸೇರಿಸಿ.