ಭಾಷೆ ಬಾರದವನ ಲೈಸೆನ್ಸು

ಕೆಲಸದ ಮೇಲೆ ವಿಯೆಟ್ನಾಂಗೆ ಹೋದ ಮೊದಲ ವಾರವೇ ನನಗೆ ಸಿಕ್ಕ ಉಪದೇಶ ಇದು: "ಪೊಲೀಸ್ ಕೈ ಅಡ್ಡ ಹಾಕಿದ್ರೆ ಗಾಡಿ ನಿಲ್ಸು, ನಗ್ತಾ ಇರು. ಆದ್ರೆ ಅವ್ರ ಭಾಷೆ ಒಂದಕ್ಷರ ಬಾಯಿಂದ ಬರಬಾರದು. ಇಂಗ್ಲಿಷೂ ಬೇಡ. ಕನ್ನಡದಲ್ಲಿ ಏನಾದ್ರೂ ಜೋರಾಗಿ ಮಾತಾಡ್ತಾ ಇರು, ಐದು ನಿಮಿಷಕ್ಕೆ ಬೇಜಾರಾಗಿ ಕಳಿಸ್ತಾರೆ. ಕಳಿಸ್ದೇ ಇದ್ರೆ ಪರ್ಸಲ್ಲಿ ಎರಡು ಲಕ್ಷ ಡಾಂಗಿನ ಒಂದೇ ಒಂದು ನೋಟು ಇಟ್ಕೊಂಡಿರು. ಉಳಿದಿದ್ದೆಲ್ಲ ಶೂ ಒಳಗೆ." ಹೇಳಿದವನು ಬಸವನಗುಡಿಯ ಹುಡುಗ, ನನಗಿಂತ ಎರಡು ವರ್ಷ ಮೊದಲೇ ಅಲ್ಲಿ ಬಂದು ನೆಲೆಯೂರಿದವನು. ಎರಡು ಲಕ್ಷ ಅಂದ ತಕ್ಷಣ ಗಾಬರಿಯಾಗಬೇಡಿ, ನಮ್ಮ ದುಡ್ಡಲ್ಲಿ ಏಳುನೂರು ರೂಪಾಯಿ ದಾಟುವುದಿಲ್ಲ.

ಈ ಉಪದೇಶ ಅವನೊಬ್ಬನದಲ್ಲ. ಬ್ಯಾಂಕಾಕಿನಲ್ಲಿರುವ ಗೆಳೆಯನ ಬಾಯಲ್ಲೂ ಕೇಳಿದ್ದೇನೆ, ಬಾಲಿಯಿಂದ ರಜೆ ಮುಗಿಸಿ ಬಂದ ಸಹೋದ್ಯೋಗಿಗಳ ಬಾಯಲ್ಲೂ ಕೇಳಿದ್ದೇನೆ. ಪರದೇಶದಲ್ಲಿ ಬೈಕು ಹೊಡೆಯುವ ನಮ್ಮಂಥವರ ನಡುವೆ ಇದು ಒಗ್ಗರಣೆಯ ವಿಧಾನ ಹೇಳಿಕೊಟ್ಟಷ್ಟು ಸಲೀಸಾಗಿ ಕೈಯಿಂದ ಕೈಗೆ ದಾಟುತ್ತದೆ. ಹೇಳುವವರ ಮುಖದಲ್ಲಿ ಒಂದು ಸಣ್ಣ ಹೆಮ್ಮೆಯೂ ಇರುತ್ತದೆ. ಲಂಚಕೋರ ವ್ಯವಸ್ಥೆಯೊಂದನ್ನು ಬುದ್ಧಿವಂತಿಕೆಯಿಂದ ಮಣಿಸಿದ ಹೆಮ್ಮೆ.

ನನಗೆ ತಕರಾರಿರುವುದು ಆ ಹೆಮ್ಮೆಯ ಬಗ್ಗೆ. ಮೊದಲು ನನ್ನದೇ ಕಥೆ ಹೇಳಿಬಿಡುತ್ತೇನೆ, ಆಮೇಲೆ ಬೈಯುವುದು ಸುಲಭ.

ಮೊದಲ ಸಲ ನಿಲ್ಲಿಸಿದಾಗ ಉಪದೇಶದಂತೆಯೇ ನಡೆದುಕೊಂಡೆ. ಕನ್ನಡದಲ್ಲಿ ಏನು ಮಾತಾಡೋದು ಅಂತ ತೋಚದೆ, ಚಿಕ್ಕಂದಿನಲ್ಲಿ ಬಸ್ ಕಂಡಕ್ಟರ್ ಕೂಗುತ್ತಿದ್ದದ್ದನ್ನೇ ಶುರು ಹಚ್ಚಿಕೊಂಡೆ. "ಶಿರಾ, ಕಳ್ಳಂಬೆಳ್ಳ, ಸೀಬಿ, ಊರುಕೆರೆ, ತುಮಕೂರು, ತುಮಕೂರು!" ಹಳದಿ ಯೂನಿಫಾರಂನ ಆ ಹುಡುಗ ನನ್ನನ್ನೂ ಹಿಂದೆ ಸಾಲುಗಟ್ಟಿದ ಗಾಡಿಗಳನ್ನೂ ನೋಡಿ ಕೈ ಬೀಸಿ ಕಳಿಸಿಬಿಟ್ಟ. ಅವತ್ತು ರಾತ್ರಿ ಊಟಕ್ಕೆ ಕೂತಾಗ ನಾನೇ ಹೀರೋ. ನನ್ನ ಪಕ್ಕದಲ್ಲೇ ನಿಲ್ಲಿಸಿದ್ದ ಹಣ್ಣು ಮಾರುವ ಹೆಂಗಸು, ಎರಡೂ ಕಡೆ ಬುಟ್ಟಿ ಕಟ್ಟಿದ್ದ ಹಳೇ ಹೊಂಡಾದವಳು, ಅವಳನ್ನು ಮಾತ್ರ ಕಳಿಸಿರಲಿಲ್ಲ. ಅವಳಿಗೆ ಭಾಷೆ ಬರುತ್ತಿತ್ತಲ್ಲ! ಈ ಭಾಗವನ್ನು ನಾನು ಊಟದ ಮೇಜಿನಲ್ಲಿ ಹೇಳಲಿಲ್ಲ.

ಎರಡನೇ ಸಲ ಸಿಕ್ಕವರು ವಯಸ್ಸಾದ ಅಧಿಕಾರಿ. ನಾನು ಸೀಬಿ ದಾಟುವ ಹೊತ್ತಿಗೆ ಅವರು ಜೇಬಿನಿಂದ ಫೋನ್ ತೆಗೆದರು, ನನ್ನ ಬಾಯ ಹತ್ತಿರ ಹಿಡಿದರು, ಒಂದು ಗುಂಡಿ ಒತ್ತಿದರು. ಫೋನಿಗೆ ನನ್ನ ಭಾಷೆ ಕನ್ನಡ ಅಂತ ಗೊತ್ತಾಗಿಹೋಯಿತು. ಆಮೇಲೆ ಅವರು ಏನೋ ಹೇಳಿ ಪರದೆಯನ್ನು ನನ್ನತ್ತ ತಿರುಗಿಸಿದರು. ದುಂಡು ದುಂಡು ಕನ್ನಡ ಅಕ್ಷರ: "ನೀವು ಚಾಲನೆ ಪರವಾನಗಿ ಹೊಂದಿದ್ದೀರಾ? ನಿಮ್ಮ ಹಳ್ಳಿಯಲ್ಲಿ ಸಹ ಹೀಗೆ ಓಡಿಸುತ್ತೀರಾ?" ವ್ಯಾಕರಣ ತಪ್ಪಿರಲಿಲ್ಲ. ನೋಟು ಪರ್ಸಿನಲ್ಲೇ ಉಳಿಯಿತು, ತೆಗೆಯುವ ಮುಖ ಇರಲಿಲ್ಲ. ದಂಡ ಹಾಕಿದರು, ರಸೀದಿ ಕೊಟ್ಟರು, ಗಾಡಿಯನ್ನು ಒಂದು ವಾರ ಇಟ್ಟುಕೊಂಡರು.

ಈಗ ಕಾನೂನಿನ ಮಾತು. ನಮ್ಮ ಆರ್‌ಟಿಒದಲ್ಲಿ ಸಾವಿರ ರೂಪಾಯಿ ಕಟ್ಟಿದರೆ ಒಂದು ವರ್ಷಕ್ಕೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೊಡುತ್ತಾರೆ. ಅದನ್ನು ಪಾಸ್‌ಪೋರ್ಟಿನಷ್ಟೇ ಜೋಪಾನವಾಗಿ ಒಯ್ಯುವವರಿದ್ದಾರೆ. ಆದರೆ ಭಾರತ ಕೊಡುವುದು 1949ರ ಜಿನೀವಾ ಒಪ್ಪಂದದ ಪರ್ಮಿಟ್. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಅಂದರೆ ಅಲ್ಲಿ ನಮ್ಮ ಆ ಬೂದು ಪುಸ್ತಕ ಮದುವೆಯ ಕರೆಯೋಲೆಯಷ್ಟೇ ಉಪಯೋಗಕ್ಕೆ ಬರುತ್ತದೆ. ಥಾಯ್ಲೆಂಡಿನಲ್ಲಿ ಅದೇ ಪುಸ್ತಕ ನಡೆಯುತ್ತದೆ, ಆದರೆ ನಿಮ್ಮ ಊರಿನ ಲೈಸೆನ್ಸಿನಲ್ಲಿ ಬೈಕ್ ಇದ್ದರೆ ಮಾತ್ರ. ಕಾರಿನ ಲೈಸೆನ್ಸಿಟ್ಟುಕೊಂಡು ಸ್ಕೂಟರ್ ಬಾಡಿಗೆಗೆ ತಗೊಂಡವರು ಎಷ್ಟು ಜನ, ನಿಮಗೇ ಗೊತ್ತು. ವಿಯೆಟ್ನಾಂನಲ್ಲಿ ಮೂರು ತಿಂಗಳಿಗೂ ಮೇಲ್ಪಟ್ಟು ಇರುವ ವಿದೇಶಿಯರಿಗೆ ತಮ್ಮ ದೇಶದ ಲೈಸೆನ್ಸನ್ನು ಭಾಷಾಂತರ ಮಾಡಿಸಿ ಅಲ್ಲಿಯದಕ್ಕೆ ಬದಲಾಯಿಸಿಕೊಳ್ಳುವ ದಾರಿಯೂ ಇದೆ. ಒಂದಿಷ್ಟು ಓಡಾಟ, ಒಂದಿಷ್ಟು ಅರ್ಜಿ. ನಾನು ಒಂದು ವರ್ಷದ ಮೇಲೆ ಅಲ್ಲಿದ್ದೆ, ಮಾಡಿಸಿರಲಿಲ್ಲ. ವೀಸಾ ವಿಷಯದಲ್ಲಿ ಒಂದು ದಿನ ತಡವಾದರೆ ನಿದ್ದೆಗೆಡುವ ನನಗೆ, ಲೈಸೆನ್ಸ್ ಇಲ್ಲದೆ ದಿನಾ ಆಫೀಸಿಗೆ ಗಾಡಿ ಹೊಡೆಯುವುದು ತಪ್ಪು ಅಂತ ಅನಿಸಿಯೇ ಇರಲಿಲ್ಲ. ಅಪಘಾತವಾಗಿದ್ದರೆ ಇನ್ಶೂರೆನ್ಸ್ ಕಂಪನಿ ಮೊದಲು ಕೇಳುತ್ತಿದ್ದದ್ದೇ ಆ ಲೈಸೆನ್ಸು, ಅದೂ ಹೊಳೆದಿರಲಿಲ್ಲ.

2025ರ ಜನವರಿ 1ರಿಂದ ವಿಯೆಟ್ನಾಂ ದಂಡಗಳನ್ನು ಒಂದೇ ಏಟಿಗೆ ಏರಿಸಿತು. ಬೈಕಿನವನು ಕೆಂಪು ದೀಪ ಹಾರಿಸಿದರೆ ಮೊದಲು ಹತ್ತು ಲಕ್ಷ ಡಾಂಗಿನೊಳಗೆ ಮುಗಿಯುತ್ತಿದ್ದದ್ದು ಈಗ 40ರಿಂದ 60 ಲಕ್ಷ. 2023ರಲ್ಲಿ ಬಾಲಿಯ ಗವರ್ನರ್ ವಯನ್ ಕೊಸ್ಟರ್ ಅಂತೂ ಪ್ರವಾಸಿಗರಿಗೆ ಬೈಕ್ ಬಾಡಿಗೆ ಕೊಡುವುದನ್ನೇ ನಿಲ್ಲಿಸಬೇಕು ಅಂದುಬಿಟ್ಟಿದ್ದರು. ಹೆಲ್ಮೆಟ್ ಇಲ್ಲ, ಲೈಸೆನ್ಸ್ ಇಲ್ಲ, ಮೈಮೇಲೆ ಅಂಗಿಯೂ ಇಲ್ಲದೆ ಓಡಾಡುವವರನ್ನು ನೋಡಿ ನೋಡಿ ಸಾಕಾಗಿ. ಆಗ ನಮ್ಮವರ ಮಾತು ಕೇಳಬೇಕಿತ್ತು. ಟೂರಿಸಂ ನಂಬ್ಕೊಂಡಿರೋರಿಗೆ ಎಷ್ಟು ಕೊಬ್ಬು ನೋಡಿ, ಅಂತ.

ಈಗ ಬೆಂಗಳೂರಿಗೆ ಬನ್ನಿ. ಇಲ್ಲಿ ಹತ್ತು ವರ್ಷ ಇದ್ದರೂ 'ಕನ್ನಡ್ ಗೊತ್ತಿಲ್ಲ' ಅನ್ನುವವರ ಮೇಲೆ ನಮಗೆ ಎಷ್ಟು ಸಿಟ್ಟು! ಸಿಟ್ಟು ತಪ್ಪಲ್ಲ, ನನಗೂ ಇದೆ. ಆದರೆ ಇದೇ ನಾವು ಇನ್ನೊಬ್ಬರ ದೇಶದಲ್ಲಿ ಅವರ ಭಾಷೆ ಕಲಿಯದಿರುವುದನ್ನು ಒಂದು ಕಲೆಯಾಗಿ ಬೆಳೆಸಿದ್ದೇವೆ. ಬೇರೆಯವರಿಗಾದರೆ ಸೋಮಾರಿತನ, ನಮಗಾದರೆ ಉಪಾಯ. ಹೋಗಲಿ, ಎಲ್ಲ ಕಡೆಯೂ ಭಾಷೆ ಬಾರದವನನ್ನು ಬಿಟ್ಟು ಕಳಿಸುತ್ತಾರಾ? ಕಮ್ಮನಹಳ್ಳಿ ಕಡೆಯ ಒಂದು ಸಿಗ್ನಲ್ಲಿನಲ್ಲಿ ಆಫ್ರಿಕಾದ ವಿದ್ಯಾರ್ಥಿಯೊಬ್ಬನನ್ನು ಸ್ಕೂಟರ್ ಸಮೇತ ನಿಲ್ಲಿಸಿಕೊಂಡಿದ್ದನ್ನು ನೋಡಿದ್ದೇನೆ. ಅವನ ಹತ್ತಿರ ಕಾಗದ ಇತ್ತೋ ಇಲ್ಲವೋ ತಿಳಿಯಲಿಲ್ಲ, ತಿಳಿಯುವ ಮೊದಲೇ ಸುತ್ತ ಇಪ್ಪತ್ತು ಜನ ಸೇರಿ ವಿಡಿಯೋ ಮಾಡತೊಡಗಿದ್ದರು. "ಕನ್ನಡ ಬರಲ್ವಾ? ಬರಲ್ವಾ?" ಅಂತ ಹಿಂದಿನಿಂದ ಯಾರೋ ಕೂಗುತ್ತಿದ್ದರು. ಅಸ್ಸಾಮಿನ ಡೆಲಿವರಿ ಹುಡುಗನಿಗೂ ಅಷ್ಟೇ, ಭಾಷೆ ಬಾರದಿರುವುದು ಅವನಿಗೆ ಎರಡನೇ ಅಪರಾಧ. ಬಾರದ ಭಾಷೆ ರಕ್ಷಣೆಯಾಗುವುದು ಅದರ ಜೊತೆಗೆ ಡಾಲರ್ ಸಂಬಳದ ವಾಸನೆ ಇದ್ದಾಗ ಮಾತ್ರ.

ಇದನ್ನೆಲ್ಲ ಕಳೆದ ದೀಪಾವಳಿಗೆ ಊರಿಗೆ ಹೋದಾಗ ಮಾವನಿಗೆ ತಮಾಷೆಯಾಗಿ ಹೇಳುತ್ತಿದ್ದೆ. ನಮ್ಮೂರು ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿಯಲ್ಲಿದೆ. ಬರಗೂರು ದಾಟಿ ಮುಂದೆ ಹೋದರೆ ಆಂಧ್ರ. ಅಮರಾಪುರ, ಅಗಳಿ, ರೊಳ್ಳ ಕಡೆ ಜನ ಮನೆಯಲ್ಲಾಡುವುದು ಕನ್ನಡ, ಕಚೇರಿಗೆ ಹೋದರೆ ತೆಲುಗು. ಹೆಣ್ಣು ಕೊಡುವುದು ತರುವುದು, ಸಂತೆ, ದೇವರು, ಎಲ್ಲ ಎರಡೂ ಕಡೆ ಹರಡಿಕೊಂಡಿದೆ. ಪಾವಗಡದವರ ಪಾಡಂತೂ ಇನ್ನೂ ಚೆಂದ: ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಮಧುಗಿರಿ ದಾರಿಯಲ್ಲಿ ಬರಬೇಕೆಂದರೆ ನಡುವೆ ಆಂಧ್ರದ ನೆಲ ಸಿಗುತ್ತದೆ. ನಮ್ಮ ಕಡೆಯ ಗಾಡಿಗಳ ಮೇಲೆ ಕೆಎ 06, ಮಧುಗಿರಿಯಲ್ಲಿ ನೋಂದಣಿಯಾದರೆ ಕೆಎ 64. ಗಡಿ ದಾಟಿದ ಮರುಗಳಿಗೆಯೇ ಆ ಎರಡಕ್ಷರ ನೋಡಿ ಕೈ ಅಡ್ಡ ಬರುತ್ತದೆ. ಅವರ ಎಪಿ ಗಾಡಿ ಈಚೆ ಬಂದರೆ ಇಲ್ಲೂ ಅಷ್ಟೇ. ಪರದೇಶಿಯಾಗಲು ವಿಮಾನವೇ ಹತ್ತಬೇಕು ಅಂತೇನಿಲ್ಲ, ಟಿವಿಎಸ್ ಎಕ್ಸೆಲ್ ಸಾಕು.

ಮಾವ ಅಂಥದೇ ಒಂದು ಎಕ್ಸೆಲ್‌ನಲ್ಲಿ, ಹಿಂದೆ ಅತ್ತೆ, ಮುಂದೆ ಒಂದು ಚೀಲ ಶೇಂಗಾ ಇಟ್ಟುಕೊಂಡು ತಂಗಿಯ ಮನೆಗೆ ಹೊರಟಿದ್ದರು. ಗಡಿ ರಸ್ತೆಯೊಂದರಲ್ಲಿ ತಡೆದರು. ಲೈಸೆನ್ಸ್ ಇತ್ತು, ಇನ್ಶೂರೆನ್ಸ್ ಇತ್ತು, ಹೆಲ್ಮೆಟ್ಟೂ ಇತ್ತು. ಆರ್‌ಸಿ ಮನೆಯ ಟ್ರಂಕಿನಲ್ಲಿ ಉಳಿದಿತ್ತು. ಮಾವ ತೆಲುಗಿನಲ್ಲೂ ಕನ್ನಡದಲ್ಲೂ ವಿನಯವಾಗಿ ವಿವರಿಸಿದರಂತೆ. ಕೀ ಕಿತ್ತುಕೊಂಡರು. ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿದರು. ಕೊನೆಗೆ ಮುನ್ನೂರು ರೂಪಾಯಿ. ರಸೀದಿ ಇಲ್ಲ.

ನನ್ನ ಸೀಬಿ–ಊರುಕೆರೆ ಕಥೆ ಕೇಳಿ ಅತ್ತೆ ನಕ್ಕರು. ಮಾವ ನಗಲಿಲ್ಲ. "ನಂಗೆ ಎಲ್ಡು ಭಾಷೆನೂ ಬತ್ತೈತೆ ಅಂತ ಬೈಸ್ಕಂಡೆ ಕಣಪ್ಪ. ನೀನು ಒಂದೂ ಬರಲ್ಲ ಅಂತ ತಪ್ಪುಸ್ಕಂಡೆ. ಓದ್ದೋರು ನೋಡು ನೀವು."

ಮಾವನಿಗೆ ಗೊತ್ತಿಲ್ಲದ್ದು, ಓದಿದ ನನಗೂ ಅವತ್ತು ಗೊತ್ತಿಲ್ಲದ್ದು ಏನು ಗೊತ್ತಾ? ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 139 ಅಂತ ಒಂದು ನಿಯಮ ಇದೆ. ಕಾಗದಗಳು ಕೈಯಲ್ಲಿ ಇಲ್ಲದಿದ್ದರೆ, ದೃಢೀಕರಿಸಿದ ಪ್ರತಿಯನ್ನು 15 ದಿನದೊಳಗೆ ತಂದು ತೋರಿಸಲು ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಲು ಅದು ಅವಕಾಶ ಕೊಡುತ್ತದೆ. 2018ರಿಂದ ಫೋನಿನಲ್ಲಿ ಡಿಜಿಲಾಕರ್ ತೆರೆದು ತೋರಿಸಿದರೂ ಸಾಕು. ಗಾಡಿಯ ಕೀ ಕಿತ್ತುಕೊಳ್ಳಿ ಅಂತ 1988ರ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಕಣ್ಣಿಗೆ ಕಾಣುವ ತಪ್ಪು ಮಾಡದ ಹೊರತು ಬರೀ ಕಾಗದ ನೋಡಲು ಗಾಡಿ ನಿಲ್ಲಿಸಬೇಡಿ ಅಂತ 2022ರ ಜೂನ್‌ನಲ್ಲಿ ಆಗಿನ ಡಿಜಿ–ಐಜಿಪಿ ಪ್ರವೀಣ್ ಸೂದ್ ಕರ್ನಾಟಕದ ಪೊಲೀಸರಿಗೆ ಹೇಳಿದ್ದರು. ಹೇಳಿ ಮೂರು ವರ್ಷವಾಗುತ್ತಾ ಬಂದಾಗ, 2025ರ ಮೇ 26ರಂದು, ಮಂಡ್ಯದಲ್ಲಿ ಏನಾಯಿತೆಂದು ನೆನಪಿದೆಯಾ? ನಾಯಿ ಕಚ್ಚಿದ ಪುಟ್ಟ ಮಗುವನ್ನು ಅಪ್ಪ ಅಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ತಪಾಸಣೆಗೆಂದು ತಡೆದಾಗ ಬೈಕು ಉರುಳಿ ಮಗು ರಸ್ತೆಗೆ ಬಿತ್ತು, ಹಿಂದಿನಿಂದ ಬಂದ ವಾಹನದಡಿ ಸಿಕ್ಕಿ ಸತ್ತಿತು. ಮೂವರು ಎಎಸ್‌ಐಗಳು ಅಮಾನತಾದರು. ದಿಢೀರನೆ ಅಡ್ಡ ಬರಬೇಡಿ, ಬೆನ್ನಟ್ಟಬೇಡಿ, ಕೀ ಕೀಳಬೇಡಿ ಅಂತ ಮತ್ತೆ ಸೂಚನೆ ಹೊರಟಿತು.

ರಸ್ತೆ ಬದಿಯ ತಪಾಸಣೆ ಅಂದರೆ ನಮಗೆ ಒಂದು ಕಿರಿಕಿರಿ, ಆಮೇಲೆ ಹೇಳಿಕೊಳ್ಳಲು ಒಂದು ಕಥೆ. ಎಕ್ಸೆಲ್‌ನವರಿಗೆ, ಹಣ್ಣಿನ ಬುಟ್ಟಿಯವಳಿಗೆ, ಆ ಮಗುವಿನ ಅಪ್ಪ ಅಮ್ಮನಿಗೆ ಅದು ಬೇರೆಯೇ. ಅಲ್ಲಿ ಗಟ್ಟಿಯಾಗಿ ನಿಂತು 'ರಸೀದಿ ಕೊಡಿ, ಯಾವ ಸೆಕ್ಷನ್ ಹೇಳಿ, ಕೀ ವಾಪಸ್ ಕೊಡಿ' ಅಂತ ಕೇಳಬಲ್ಲವರು ಯಾರು? ಓದಿದವರು, ಫೋನಿರುವವರು, ಒಂದು ದಿನದ ಸಂಬಳ ಹೋದರೂ ಹೊಟ್ಟೆಗೆ ತೊಂದರೆ ಇಲ್ಲದವರು. ನಾವು. ನಾವೇ ಕೇಳುವುದಿಲ್ಲ. ಯಾಕೆ ಕೇಳುವುದಿಲ್ಲ ಅಂದರೆ, ಕೇಳುವ ಮುಖ ನಮಗಿರುವುದಿಲ್ಲ. ಹೊಗೆ ತಪಾಸಣೆಯ ಚೀಟಿ ಮುಗಿದು ಆರು ತಿಂಗಳಾಗಿರುತ್ತದೆ. ಒನ್ ವೇಯಲ್ಲಿ ಉಲ್ಟಾ ಬಂದಿರುತ್ತೇವೆ. ಪರದೇಶದಲ್ಲಿ ಲೈಸೆನ್ಸೇ ಇರುವುದಿಲ್ಲ. ಅದಕ್ಕೇ ನೋಟು, ಅದಕ್ಕೇ ನಗು, ಅದಕ್ಕೇ ಸೀಬಿ–ಊರುಕೆರೆ. 2023ರ ಫೆಬ್ರುವರಿಯಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಅಂದಾಗ ಬೆಂಗಳೂರಿನಲ್ಲಿ ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಹೆಚ್ಚು ಬಂದು ಬಿತ್ತು. ಅದು ಯುಗಾದಿ ಸೇಲ್ ಇರಲಿಲ್ಲ ಸ್ವಾಮಿ, ನಾವು ಮಾಡಿ ಮರೆತ ತಪ್ಪುಗಳ ಬಿಲ್ಲು. ಅದರಲ್ಲಿ ನನ್ನದೂ ಇತ್ತು, ಎರಡು ಹೆಲ್ಮೆಟ್ಟು, ಒಂದು ಸಿಗ್ನಲ್ಲು.

ಇನ್ನೊಂದು ಮಾತು. ನಾವು ಅವಸರದಲ್ಲಿ ಕೊಟ್ಟು ಹೋಗುವ ನೋಟು ನಮ್ಮ ಜೊತೆಗೇ ಮುಗಿಯುವುದಿಲ್ಲ. ಅದು ಆ ಜಾಗದ ರೇಟು ಗೊತ್ತು ಮಾಡುತ್ತದೆ. ಏಳುನೂರು ಕೊಟ್ಟು ಹೋದ ಪರದೇಶಿಯ ನಂತರ ಬರುವವಳು ಹಣ್ಣಿನ ಬುಟ್ಟಿಯವಳು. ವೀಕೆಂಡಿಗೆ ಗಡಿಯಾಚೆ ಲೇಪಾಕ್ಷಿ ನೋಡಲು ಬುಲೆಟ್ಟಿನಲ್ಲಿ ಹೋಗುವ ನಮ್ಮ ಗುಂಪು 'ತಗೊಳ್ಳಿ ಸಾರ್, ಟೈಮಾಯ್ತು' ಅಂತ ಐನೂರರ ನೋಟು ಚಾಚಿದ ದಾರಿಯಲ್ಲೇ ಸೋಮವಾರ ಮಾವನ ಎಕ್ಸೆಲ್ ಹೋಗಬೇಕು. ಮುನ್ನೂರಕ್ಕೆ ಇಳಿಸಿದ್ದು ಅವರ ಎರಡು ಭಾಷೆಯ ಸಾಮರ್ಥ್ಯ ಅಂತ ಇಟ್ಟುಕೊಳ್ಳೋಣ.

ಪೊಲೀಸರ ಪರ ವಕಾಲತ್ತು ಮಾಡುತ್ತಿದ್ದೀಯ ಅಂತ ಬಸವನಗುಡಿಯ ಗೆಳೆಯ ಸಿಟ್ಟಾಗಿದ್ದಾನೆ. ಅಲ್ಲಪ್ಪ, ಅವರ ಜೊತೆ ಜಗಳ ಆಡಬೇಕು ಅಂತಲೇ ಹೇಳುತ್ತಿದ್ದೇನೆ. ಕಾಗದ ಸರಿಯಿದ್ದರೆ ತಾನೇ ಜಗಳ. ವಿಯೆಟ್ನಾಂನಲ್ಲಿ ಕೊನೆಗೆ ನಾನು ಅರ್ಜಿ ಹಾಕಿ ಅಲ್ಲಿಯ ಲೈಸೆನ್ಸ್ ಮಾಡಿಸಿಕೊಂಡೆ. ಸಂಖ್ಯೆಗಳು, 'ಕ್ಷಮಿಸಿ', 'ರಸೀದಿ ಕೊಡಿ', ಇಷ್ಟು ಅವರ ಭಾಷೆಯಲ್ಲಿ ಕಲಿತೆ. ಉಚ್ಚಾರಣೆ ಕೇಳಿ ಪಕ್ಕದ ಅಂಗಡಿಯ ಮುದುಕಿ ಇವತ್ತಿಗೂ ನಗುತ್ತಾಳೆ. ಆಮೇಲೆ ಎರಡು ಸಲ ನಿಲ್ಲಿಸಿದರು, ಕಾರ್ಡು ನೋಡಿದರು, ಕಳಿಸಿದರು. ಊಟದ ಮೇಜಿನಲ್ಲಿ ಹೇಳಲು ಏನೂ ಇರಲಿಲ್ಲ.

ಊರಿನಿಂದ ಹೊರಡುವ ಹಿಂದಿನ ದಿನ ಮಾವನ ಫೋನಿಗೆ ಡಿಜಿಲಾಕರ್ ಹಾಕಲು ಕೂತೆ. ಆರ್‌ಸಿ, ಲೈಸೆನ್ಸು ಎರಡೂ ಅದರಲ್ಲೇ ಇದ್ದರೆ ಮುಂದಿನ ಸಲ ಟ್ರಂಕಿನ ತಾಪತ್ರಯವಿಲ್ಲ. ಆಧಾರ್ ನಂಬರ್ ಹಾಕಿದೆ, ಓಟಿಪಿ ಕಳಿಸಿದ್ದೇವೆ ಅಂತ ಬಂತು. ಕಾದೆವು. ಮತ್ತೆ ಕಳಿಸಿದೆ. ಬರಲಿಲ್ಲ. ಆಮೇಲೆ ಮಾವನಿಗೆ ನೆನಪಾಯಿತು: ಆಧಾರಿಗೆ ಕೊಟ್ಟಿದ್ದ ಸಿಮ್ಮನ್ನು ಎರಡು ವರ್ಷದ ಹಿಂದೆಯೇ ತೆಗೆದು ತೋಟದ ಬೋರ್‌ವೆಲ್‌ನ ಮೊಬೈಲ್ ಸ್ಟಾರ್ಟರ್ ಡಬ್ಬಿಗೆ ಹಾಕಿದ್ದಾರೆ. ಮೂರೂ ಓಟಿಪಿ ಪಂಪ್‌ಸೆಟ್ಟಿಗೆ ಹೋಗಿವೆ. "ಮೋಟ್ರೇನೂ ಆನ್ ಆಗಿಲ್ವಲ್ಲ?" ಅಂತ ಗಾಬರಿಯಿಂದ ಟಾರ್ಚು ಹುಡುಕಿಕೊಂಡು ಮಾವ ತೋಟದ ಕಡೆ ಹೊರಟರು. ಆಧಾರಿನ ನಂಬರ್ ಬದಲಾಯಿಸಲು ಶಿರಾಗೆ ಹೋಗಬೇಕು, ಸೋಮವಾರ.